ತಂತಿಯ ಬಲ ತುದಿಯಲ್ಲಿ

ಬಾವಿಯಲ್ಲಿ ಕೊಡ ಕಳಚಿ ಬಿದ್ದರೆ ಮನೆಯವರು ಮೊದಲು ನೋಡುವುದು ಹಗ್ಗದ ನಡುವನ್ನಲ್ಲ, ಕುಣಿಕೆಯನ್ನು. ಸೈಕಲ್ಲಿನ ಬ್ರೇಕ್ ತಂತಿಯೂ ಹಾಗೆಯೇ. ಅದರ ಎಳೆಗಳು ಬಿಚ್ಚಿಕೊಳ್ಳುವುದು ಹಿಡಿಕೆಯ ಬಳಿಯೋ, ನಟ್ಟು ಕಚ್ಚಿದ ಜಾಗದಲ್ಲೋ. ಎಳೆಯುವ ಕೆಲಸಕ್ಕೆ ಹೂಡಿದ ಹಗ್ಗ ಸಾಮಾನ್ಯವಾಗಿ ಸೋಲುವುದು ತುದಿಯಲ್ಲಿ, ಇಲ್ಲವೇ ಬಾಗುವ ತಿರುವಿನಲ್ಲಿ. ಈ ಸಣ್ಣ ಸಂಗತಿ ಪ್ರಾಣದ ಪ್ರಶ್ನೆಯೇ ಆಗಬಹುದಾದ ಒಂದು ಜಾಗವಿದೆ. ಅದು ಕಡಲಿಗಿಳಿಯುವ ಕಯಾಕ್ ದೋಣಿಯ ಚುಕ್ಕಾಣಿ.

ಕಯಾಕ್ ಎಂದರೆ ಮೇಲ್ಭಾಗ ಮುಚ್ಚಿದ, ಉದ್ದನೆಯ, ಕಿರಿದಾದ ದೋಣಿ. ಗ್ರೀನ್‌ಲೆಂಡ್, ಅಲಾಸ್ಕಾ ಮೊದಲಾದ ಹಿಮಪ್ರದೇಶಗಳ ಜನ ಬೇಟೆಗೆಂದು ಚೌಕಟ್ಟಿಗೆ ಸೀಲ್‌ನಂಥ ಪ್ರಾಣಿಗಳ ಚರ್ಮ ಹೊದಿಸಿ ಇದನ್ನು ಕಟ್ಟಿಕೊಂಡರು. ಅವರ ದೋಣಿಗೆ ಚುಕ್ಕಾಣಿ ಇರಲಿಲ್ಲ. ಕೈಯಲ್ಲಿನ ಹುಟ್ಟು ಮತ್ತು ಸೊಂಟದ ವಾಲಿಕೆ, ಇವೆರಡರಿಂದಲೇ ದಿಕ್ಕು ಬದಲಿಸುತ್ತಿದ್ದರು. ಮುಂದೆ ಯುರೋಪಿನವರು ಕಯಾಕಿನಲ್ಲಿ ದೂರಪ್ರಯಾಣ ತೊಡಗಿದರು. ಜರ್ಮನಿಯ ಆಸ್ಕರ್ ಸ್ಪೆಕ್ 1932ರಲ್ಲಿ ಮಡಚುವ ಕಯಾಕೊಂದರಲ್ಲಿ ಡ್ಯಾನ್ಯೂಬ್ ನದಿಗಿಳಿದು, 1939ರಲ್ಲಿ ಆಸ್ಟ್ರೇಲಿಯದ ಉತ್ತರದ ದ್ವೀಪವೊಂದನ್ನು ಮುಟ್ಟಿದ. ನಡುವೆ ಭಾರತದ ಪಶ್ಚಿಮ ಕರಾವಳಿಯಗುಂಟ ಸಿಂಹಳದವರೆಗೆ ಸಾಗಿದ. ನಮ್ಮ ಕರಾವಳಿಯೂ ಆ ದಾರಿಯಲ್ಲೇ ಇದೆ. ಇಂಥ ದೂರದ ಪಯಣದಲ್ಲಿ ಅಡ್ಡಗಾಳಿ ದೊಡ್ಡ ಕಾಟ.

ಕಾರಣ ಸರಳ. ದೋಣಿ ಮುಂದೆ ಸಾಗುವಾಗ ಅದರ ಮೂತಿಯನ್ನು ನೀರು ಗಟ್ಟಿಯಾಗಿ ಹಿಡಿದಿರುತ್ತದೆ. ಹಿಂಭಾಗಕ್ಕೆ ಅಷ್ಟು ಹಿಡಿತವಿಲ್ಲ. ಬದಿಯಿಂದ ಬೀಸುವ ಗಾಳಿ ಹಿಂಭಾಗವನ್ನು ಆಚೆ ತಳ್ಳುತ್ತದೆ, ಮೂತಿ ಗಾಳಿಯತ್ತ ತಿರುಗುತ್ತದೆ. ಇದನ್ನು ಹುಟ್ಟಿನಿಂದಲೇ ಸರಿಪಡಿಸುತ್ತಾ ಹೋದರೆ ಒಂದೇ ಕೈ ದಣಿಯುತ್ತದೆ. ಹಿಂಬದಿಯಲ್ಲೊಂದು ಚುಕ್ಕಾಣಿಯಿದ್ದರೆ ಆ ಭಾರ ಕಾಲಿಗೆ ಬರುತ್ತದೆ.

ಕಾಲಿಗೂ ಚುಕ್ಕಾಣಿಗೂ ನಡುವಿನ ಕೊಂಡಿಯೇ ತಂತಿ. ತಂತಿ ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಎಡಕ್ಕೊಂದು, ಬಲಕ್ಕೊಂದು ಬೇಕು. ಬಲ ಪೆಡಲ್ ಒತ್ತಿದರೆ ಬಲದ ತಂತಿ ಬಿಗಿದು ದೋಣಿ ಬಲಕ್ಕೆ ಹೊರಳುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಾರುವ ಪೆಡಲ್‌ಗಳಿರುವ ದೋಣಿಯಲ್ಲಿ ಕುಳಿತವನು ಕಾಲೂರುವುದೂ ಆ ಪೆಡಲ್‌ಗಳಿಗೇ. ತಂತಿ ಕಳಚಿತೆಂದರೆ ದಿಕ್ಕಿನ ಜೊತೆಗೆ ಕಾಲಿನ ಆಸರೆಯೂ ಹೋಗುತ್ತದೆ. ಅಲೆಗಳ ನಡುವೆ ಸಮತೋಲ ಕಾಯಲು ಕಾಲೂರಲೇಬೇಕಾದ ಹೊತ್ತಿನಲ್ಲಿ ಪೆಡಲ್ ಮುಂದಕ್ಕೆ ಸರ್ರನೆ ಜಾರಿದರೆ ಏನಾದೀತೆಂದು ಯೋಚಿಸಿ.

ತಂತಿಯಲ್ಲಿ ಬಲದ ಕೊರತೆಯಿಲ್ಲ. ಸುಮಾರು 1.6 ಮಿಲಿಮೀಟರ್ ದಪ್ಪದ ಸ್ಟೈನ್‌ಲೆಸ್ ಸ್ಟೀಲ್ ತಂತಿಯಲ್ಲಿ ಏಳೇಳು ಎಳೆಗಳ ಏಳು ಹುರಿಗಳು, ಅಂದರೆ 49 ಎಳೆಗಳಿರುತ್ತವೆ. ಹೊಸದಾಗಿದ್ದಾಗ ಅದು ಸುಮಾರು 200 ಕಿಲೋ ಭಾರ ತಾಳಬಲ್ಲದು. ಆದರೆ ತುದಿಯ ಕಟ್ಟು 20 ಕಿಲೋಗೆ ಜಾರಿದರೆ ಇಡೀ ತಂತಿಯ ಬೆಲೆ 20 ಕಿಲೋ ಅಷ್ಟೆ.

ಸ್ಟೀಲ್ ತಂತಿಗೆ ಹಗ್ಗದಂತೆ ಗಂಟು ಹಾಕಬಾರದು. ಗಂಟಿನೊಳಗೆ ಎಳೆಗಳು ಮಡಚಿ ಮುರಿಯುತ್ತವೆ. ಸರಿಯಾದ ಕ್ರಮ ಇದು: ಕತ್ತರಿಸುವ ಮುನ್ನ ಆ ಜಾಗಕ್ಕೆ ಟೇಪ್ ಸುತ್ತಿ, ಎಳೆಗಳು ಬಿಚ್ಚಿಕೊಳ್ಳವು. ಸ್ಲೀವ್ ಎಂಬ ಪುಟ್ಟ ಲೋಹದ ಕೊಳವೆಯನ್ನು ಮೊದಲು ತಂತಿಗೆ ಪೋಣಿಸಿ. ತಂತಿಯನ್ನು ಚುಕ್ಕಾಣಿಯ ಕೊಂಡಿಯ ಸುತ್ತ ತಂದು ಅದೇ ಕೊಳವೆಯೊಳಗೆ ಹಿಂದಕ್ಕೆ ತೂರಿಸಿ, ತುದಿ ಒಂದಿಷ್ಟು ಹೊರಗಿಣುಕಲಿ. ಆಮೇಲೆ ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ ಬಿಗಿಯಿರಿ. ಸಾಮಾನ್ಯ ಇಕ್ಕಳ ಕೊಳವೆಯನ್ನು ಚಪ್ಪಟೆ ಮಾಡೀತೇ ಹೊರತು ತಂತಿಯನ್ನು ಹಿಡಿಸದು. ಕುಣಿಕೆಯೊಳಗೆ ಲೋಹದ ಪುಟ್ಟ ಬಳೆಯಿಟ್ಟರೆ ತಂತಿ ಚೂಪಾಗಿ ಮಡಚುವುದಿಲ್ಲ.

ಕೊಳವೆಯ ಲೋಹವೂ ಮುಖ್ಯ. ಅಲ್ಯೂಮಿನಿಯಂ ಮತ್ತು ಸ್ಟೈನ್‌ಲೆಸ್ ಸ್ಟೀಲ್ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಬ್ಯಾಟರಿಯಂತೆ ವರ್ತಿಸುತ್ತವೆ. ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಅದಕ್ಕೇ ಕಡಲಿಗೆ ತಾಮ್ರದ ಕೊಳವೆ ಮೇಲು. ಈಚೆಗೆ ಹಲವರು ತಂತಿಯ ಬದಲು ಡೈನೀಮಾ ಎಂಬ ದಾರ ಬಳಸುತ್ತಾರೆ. ಇದು ಪಾಲಿಥಿನ್ ಚೀಲದ ಕುಲಕ್ಕೇ ಸೇರಿದ್ದು. ತುಕ್ಕು ಹಿಡಿಯದು, ತೂಕಕ್ಕೆ ತೂಕ ಉಕ್ಕನ್ನೂ ಮೀರಿಸುತ್ತದೆ. ಆದರೆ ಬಲು ನುಣುಪು, ಅವಸರದ ಗಂಟು ಜಾರಿಬಿಡುತ್ತದೆ. ಗಂಟಿನ ಬಾಲ ಉದ್ದವಾಗಿರಲಿ.

ಚುಕ್ಕಾಣಿಯ ಕಡೆ ಕಟ್ಟಿದ ಮೇಲೆ ಪೆಡಲಿನ ಕಡೆ. ದೋಣಿ ನಡೆಸುವವರೇ ಒಳಗೆ ಕೂರಬೇಕು, ಪಾದಗಳೆರಡೂ ಸಮನಾಗಿರಬೇಕು, ಇನ್ನೊಬ್ಬರು ಚುಕ್ಕಾಣಿಯನ್ನು ನೇರವಾಗಿ ಹಿಡಿದಿರಬೇಕು. ಆಗ ಗುರುತು ಮಾಡಿ ಬಿಗಿಯುವುದು. ನಂತರ ಚುಕ್ಕಾಣಿಯನ್ನು ಮೇಲೆತ್ತಿ ಇಳಿಸಿ, ತಂತಿ ಎಲ್ಲಿಯೂ ಸಿಕ್ಕಿಕೊಳ್ಳದೆಂದು ನೋಡಿಕೊಳ್ಳಬೇಕು.

ಪರೀಕ್ಷೆ ನಡೆಯಬೇಕಾದದ್ದು ದಂಡೆಯಲ್ಲಿ. ಕೊಳವೆಯ ಅಂಚಿನಲ್ಲಿ ತಂತಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಎರಡೂ ಪೆಡಲ್‌ಗಳನ್ನು ಕಾಲಿನಿಂದ ಬಲವಾಗಿ ಒತ್ತಿ. ಗೆರೆ ಸರಿದಿದ್ದರೆ ಕಟ್ಟು ಜಾರಿದೆ ಎಂದರ್ಥ, ಹೊಸದಾಗಿ ಕಟ್ಟಲೇಬೇಕು. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ದೋಣಿಯ ಹಿಂಬದಿಯಲ್ಲಿ ತಂತಿ ಹೊರಬಂದು ಬಾಗುವ ಜಾಗವನ್ನು ಚೆನ್ನಾಗಿ ನೋಡಿ. ಒಂದೇ ಒಂದು ಎಳೆ ಎದ್ದಿದ್ದರೂ ತಂತಿ ಬದಲಿಸಿ.

ಇಷ್ಟೆಲ್ಲ ಮಾಡಿದ ಮೇಲೂ ತಂತಿ ತಂತಿಯೇ. ದೋಣಿಯಲ್ಲಿ ಒಂದು ತುಂಡು ಗಟ್ಟಿ ದಾರ ಇರಲಿ. ಆಗಾಗ ದಡದ ಹತ್ತಿರವೇ ಚುಕ್ಕಾಣಿ ಮೇಲೆತ್ತಿ, ಹುಟ್ಟು ಮತ್ತು ಸೊಂಟದ ಬಲದಿಂದ ದೋಣಿ ತಿರುಗಿಸುವುದನ್ನು ಅಭ್ಯಾಸ ಮಾಡಿ. ಗ್ರೀನ್‌ಲೆಂಡಿನ ಬೇಟೆಗಾರರು ಕಡಲಿಗೆ ಹೋಗಿ ಮನೆಗೆ ಮರಳುತ್ತಿದ್ದುದು ಹಾಗೆಯೇ.