ಕಾಗುಣಿತದ ಏರಿನಲ್ಲಿ ಮಕ್ಕಳ ಕೈ ಬಿಡುವುದೇಕೆ?

ಇಂಗ್ಲಿಷ್ ಮಾಧ್ಯಮದ ಬೆನ್ನಿಗೇ ‘ಫೋನಿಕ್ಸ್’ ಎಂಬ ಮಾತೂ ತಾಲ್ಲೂಕು ಕೇಂದ್ರಗಳಿಗೆ ಬಂದಿದೆ. ಅಕ್ಷರಕ್ಕೂ ಅದರ ಉಲಿಗೂ ಇರುವ ನಂಟನ್ನು ಮಗುವಿಗೆ ಹಂತಹಂತವಾಗಿ ರೂಢಿ ಮಾಡಿಸುವ ಈ ಕ್ರಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಪೋಷಕರಿಗೆ ಹೊಸ ವಿದ್ಯೆಯಂತೆ ಕಂಡರೆ ಅಚ್ಚರಿಯಿಲ್ಲ. ಆದರೆ ಕನ್ನಡದ ಮಟ್ಟಿಗೆ ಇಂಥ ಪ್ರಯೋಗ 1995ರಲ್ಲೇ ಪಕ್ಕದ ಎಚ್.ಡಿ. ಕೋಟೆಯಲ್ಲಿ ಶುರುವಾಗಿತ್ತು. ಯುನಿಸೆಫ್ ನೆರವಿನಿಂದ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ, ಆ ಸುತ್ತಿನ ಹಳ್ಳಿಶಾಲೆಗಳನ್ನು ನೋಡಿ ಬಂದು, ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸಿದರು. ‘ನಲಿ–ಕಲಿ’ ಹುಟ್ಟಿದ್ದು ಹಾಗೆ. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗೆ, ಆಮೇಲೆ ಮೂರಕ್ಕೂ ಹಬ್ಬಿತು. ಇಷ್ಟಾದರೂ ಮೂರು ದಾಟಿದ ಮಕ್ಕಳು ಓದಲು ತಡವರಿಸುತ್ತಾರೆಂಬ ದೂರು ನಿಂತಿಲ್ಲ. ಹಾಗಾದರೆ ವಿಧಾನವೇ ಸೋತಿತೆ? ನನ್ನ ವಾದ ಬೇರೆ: ಕನ್ನಡ ಲಿಪಿ ಬೇಡುವಷ್ಟು ಕಾಲದ ಅಭ್ಯಾಸ ಈ ಮಕ್ಕಳಿಗೆ ಸಿಕ್ಕಿಲ್ಲ.

ನಲಿ–ಕಲಿಯ ಹೊಳಹು ಇರುವುದು ಅಕ್ಷರಗಳ ಸರದಿಯಲ್ಲಿ. ಅ, ಆ, ಇ, ಈ ಎಂದು ಹೊರಡದೆ ಅದು ರ, ಗ, ಸ, ದ, ಅ ಎಂಬ ಐದರಿಂದ ತೊಡಗುತ್ತದೆ. ಈ ಐದು ಗೊತ್ತಾದರೆ ಸರ, ಅರಸ, ಗರಗಸ ಎಂದು ಮಗು ಪದ ಕಟ್ಟಿ ಓದಬಹುದು. ಬಿಡಿ ಅಕ್ಷರದ ಈ ಹಾದಿ ಸಪಾಟಾದದ್ದು. ಏರು ಎದುರಾಗುವುದು ಗುಣಿತಾಕ್ಷರದಲ್ಲಿ. ವರ್ಣಮಾಲೆಯ ಅಕ್ಷರ 49 ಇರಬಹುದು, ಆದರೆ 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದಾಗ ಕಣ್ಣಿಗೆ ಬೀಳುವ ರೂಪಗಳು 442. ಒತ್ತಕ್ಷರ ಬೇರೆ. ಕ, ಗಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ಮ, ಯ, ರ, ಲಗಳ ಒತ್ತು ಗುರುತೇ ಸಿಗದಂತೆ ಬದಲಾಗುತ್ತದೆ. ‘ಸೂರ್ಯ’ ಎನ್ನುವಾಗ ‘ಸೂ’ ಆದಮೇಲೆ ಕಿವಿಗೆ ಮೊದಲು ಕೇಳುವುದು ರಕಾರ, ಬರೆಹದಲ್ಲಿ ಮೊದಲು ಕಾಣುವುದು ಯಕಾರ. ಅರ್ಕಾವೊತ್ತು ಅದರ ಹಿಂದೆ ಬರುತ್ತದೆ. ಕನ್ನಡದ ಆರಂಭಿಕ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಅಕ್ಷರಗಳ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯದೆ ಮೂರು, ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ನಮ್ಮ ವ್ಯವಸ್ಥೆಯಾದರೋ ಮೂರಕ್ಕೆ ಏಣಿ ತೆಗೆದಿಟ್ಟು, ನಾಲ್ಕರಲ್ಲಿ ಓದು ಬಂದೇ ಇದೆಯೆಂದು ಪುಸ್ತಕ ಕೈಗಿಡುತ್ತದೆ. ನಾಲ್ಕು, ಐದನೆಯ ತರಗತಿಗೆಂದೇ ‘ಓದು ಕರ್ನಾಟಕ’ದಂಥ ಕಾರ್ಯಕ್ರಮ ಬೇಕಾಯಿತೆಂಬುದೇ ಈ ಎಣಿಕೆ ತಪ್ಪಿತೆನ್ನಲು ಸಾಕ್ಷಿ. ಇದು ನಮ್ಮೊಬ್ಬರ ಪಾಡೂ ಅಲ್ಲ. 2024ರ ‘ಅಸರ್’ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲವರು ಶೇ 27ರ ಆಸುಪಾಸು ಮಾತ್ರ.

ಮಗ್ಗಿಯಂತೆ ಕಾಗುಣಿತ ಒಪ್ಪಿಸಿಯೇ ತಲೆಮಾರುಗಳು ಓದು ಕಲಿತಿಲ್ಲವೆ ಎಂದು ಹಿರಿಯರು ಕೇಳುತ್ತಾರೆ. ಉಚ್ಚಾರಣೆಯ ಸ್ಥಾನ ಹಿಡಿದು ಜೋಡಿಸಿದ ನಮ್ಮ ವರ್ಣಮಾಲೆ ಅಚ್ಚುಕಟ್ಟಾದದ್ದೇ. ಬಾಯಿಪಾಠದಿಂದ ಅದರ ಕ್ರಮ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ರಾಗ ಹಿಡಿದು ಹೇಳುವ ಮಗುವಿಗೆ ನಡುವಿನ ‘ಕೊ’ ಒಂದನ್ನೇ ತೋರಿಸಿದರೆ, ಅದು ಮತ್ತೆ ‘ಕ’ದಿಂದ ಹಾಡಿಕೊಂಡು ಬರಬೇಕಾಗುತ್ತದೆ. ಓದಿಗೆ ಬೇಕಾದದ್ದು ರೂಪ ಕಂಡೊಡನೆ ಉಲಿ ಹೊಳೆಯುವ ಸಲೀಸು. ಇನ್ನು ಹಳೆಯ ಕ್ರಮದಲ್ಲಿ ಕಲಿತವರನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಒಂದು, ಎರಡನೆಯ ತರಗತಿಗೇ ಸ್ಲೇಟು ಬಿಟ್ಟು ದನ ಕಾಯಲು ಹೋದವರನ್ನು ಯಾರೂ ಎಣಿಸಲಿಲ್ಲ.

ಎರಡನೆಯ ಆಕ್ಷೇಪ ಪೋಷಕರದು: ಹೇಗೂ ಇಂಗ್ಲಿಷ್ ಬೇಕು, ಮೊದಲಿಗೇ ಅದರ ಫೋನಿಕ್ಸ್ ಹೇಳಿಕೊಟ್ಟರೆ ಸಾಲದೆ? ಇಂಗ್ಲಿಷ್ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಉಲಿ ಕೂಡಿಸಿ ಓದಿದ್ದು ಫಲಿಸುವುದು ಆ ಪದ ಕಿವಿಗೆ ಮೊದಲೇ ಪರಿಚಯವಿದ್ದಾಗ. ‘ಗರಗಸ’ ಎಂದು ತಡವರಿಸಿ ಓದಿದ ಮಗುವಿಗೆ ತಾನು ಓದಿದ್ದು ಏನೆಂದು ತಟ್ಟನೆ ತಿಳಿಯುತ್ತದೆ. ಕೇಳಿಯೇ ಇಲ್ಲದ ಇಂಗ್ಲಿಷ್ ಪದವನ್ನು ಸರಿಯಾಗಿ ಉಚ್ಚರಿಸಿದರೂ ಒಳಗೇನೂ ಹೊಳೆಯದು. ಇದೇ ಮಾತನ್ನು ಕನ್ನಡಕ್ಕೂ ಹಚ್ಚಬೇಕು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳ ಮನೆಮಾತು ಪುಸ್ತಕದ ಕನ್ನಡವಲ್ಲ. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ‘ಹಕ್ಕಿ’ಯೂ ‘ಅಕ್ಕಿ’ಯೂ ಬಾಯಲ್ಲಿ ಒಂದೇ. ಅದನ್ನು ತಪ್ಪೆಂದು ತಿದ್ದಿ ಬಾಯಿ ಮುಚ್ಚಿಸುವ ಬದಲು, ಎರಡು ಚಿತ್ರ ತೋರಿಸಿ ಎರಡು ಬರೆಹ ಬೇರೆಯೆಂದು ಆಟವಾಗಿ ಕಾಣಿಸಬಹುದು. ಅಕ್ಷರಕ್ಕೆ ಮುನ್ನ ಪ್ರಾಸ, ಒಗಟು, ಪದ ಬಿಡಿಸುವ ಆಟ, ಮನೆಮಾತಿನ ಕಥೆ ಬೇಕು. ಕಿವಿ ಪಳಗದೆ ಕಣ್ಣಿನ ಓದು ಅರ್ಥಕ್ಕೆ ತಲುಪದು.

ಶಿಕ್ಷಕರ ಆಕ್ಷೇಪವೇ ಹೆಚ್ಚು ತೂಕದ್ದು. ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಪ್ರಗತಿನೋಟ ತುಂಬಿ, ದಾಖಲೆ ಬರೆದು, ಉಳಿದ ಸಮಯದಲ್ಲಿ ಪಾಠ ಮಾಡುವವರಿಗೆ ಇನ್ನೊಂದು ಅಭಿಯಾನ ಹೊರೆಯೇ ಸರಿ. ಕೇಂದ್ರ ಸರ್ಕಾರದ 2021ರ ‘ನಿಪುಣ್ ಭಾರತ್’ ಅಭಿಯಾನ ಮೂರನೆಯ ತರಗತಿಯೊಳಗೆ ಓದು ಬರಬೇಕೆಂದು 2026–27ರ ಗಡುವು ಇಟ್ಟಿತು. ಗಡುವು ಹತ್ತಿರವಾದಷ್ಟೂ ದಾಖಲೆ ಹೆಚ್ಚುವ ಅಪಾಯವಿದೆ. ಆದ್ದರಿಂದ ಕೇಳಬೇಕಾದದ್ದು ಹೊಸ ಯೋಜನೆಯನ್ನಲ್ಲ, ಇರುವ ಏಣಿಗೆ ಇನ್ನೊಂದು ಮೆಟ್ಟಿಲನ್ನು. ನಾಲ್ಕನೆಯ ತರಗತಿಯ ವೇಳಾಪಟ್ಟಿಯಲ್ಲಿ ದಿನಕ್ಕೆ ಅರ್ಧ ಗಂಟೆ ಗುಣಿತ, ಒತ್ತಕ್ಷರಗಳ ಓದಿಗೇ ಮೀಸಲಾಗಲಿ. ಅದಕ್ಕೆ ತಕ್ಕ ಸಣ್ಣ ಕಥೆಪುಸ್ತಕಗಳು ಬೀರುವಿನಿಂದ ಹೊರಬಂದು ಮಕ್ಕಳ ಕೈ ಸೇರಲಿ. ಆ ಅರ್ಧ ಗಂಟೆಯನ್ನು ಯಾವ ಸುತ್ತೋಲೆಯೂ ಮುಟ್ಟದಿರಲಿ. ಕಾಫಿ ಕೊಯ್ಲಿಗೆಂದು ಅಪ್ಪ–ಅಮ್ಮನ ಜೊತೆ ಕೊಡಗಿನ ತೋಟಕ್ಕೆ ಹೋಗಿ, ವಾರಗಟ್ಟಲೆ ಕಳೆದು ಬರುವ ಹಾಡಿಯ ಮಗು, ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದೆಂಬುದು ನಲಿ–ಕಲಿಯ ದೊಡ್ಡ ಗುಣ. ಒಂಬತ್ತು ವರ್ಷ ತುಂಬಿತೆಂಬ ಒಂದೇ ಕಾರಣಕ್ಕೆ ಆ ಮಗುವಿಗೆ ಈ ಅವಕಾಶ ತಪ್ಪಬಾರದು.