ಹುಣಸೆಹಣ್ಣನ್ನು ಕೇಳಿ, ಪಾತ್ರೆಯ ಗುಣ ಹೇಳುತ್ತೆ!

ಗೌರಿ ಹಬ್ಬದ ದಿನ. ಮನೆ ತುಂಬಾ ನೆಂಟರು. ನಾನು ಕುಕ್ಕರ್ ಇಳಿಸುತ್ತಿದ್ದೆ. ನಾದಿನಿ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ, "ಅತ್ತಿಗೆ, ಈ ಅಲ್ಯೂಮಿನಿಯಂ ಕುಕ್ಕರ್ ಇನ್ನೂ ಎಸೆದಿಲ್ವಾ? ಅಪ್ಪನಿಗೆ ಈ ಮರೆವು ಬಂದಿರೋದೇ ಇದರಿಂದ ಅಂತ ಎಲ್ಲರೂ ಹೇಳ್ತಾರೆ. ಮೊಬೈಲಿಗೆ ಮೆಸೇಜ್ ಕಳ್ಸಿದ್ನಲ್ಲ, ಓದ್ಲಿಲ್ವಾ?" ಅಂದಳು.

ನಮ್ಮ ಮಾವನವರಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ಮೊದಮೊದಲು ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದವರು ಈಗ ಒಮ್ಮೊಮ್ಮೆ ನನ್ನನ್ನೇ "ನೀನು ಯಾರಮ್ಮ?" ಅಂತ ಕೇಳುತ್ತಾರೆ. ಹದಿಮೂರು ವರ್ಷ ಅವರಿಗೆ ಅನ್ನ ಬೇಯಿಸಿ ಹಾಕಿದ ಕೈ ನನ್ನದು. ಆ ಕೈಯೇ ಅವರಿಗೆ ವಿಷ ಬಡಿಸಿತೇ? ಆ ರಾತ್ರಿ ಪಾತ್ರೆ ತೊಳೆಯುತ್ತಾ ಎಷ್ಟು ಅತ್ತೆನೋ, ನಲ್ಲಿ ನೀರಿಗೆ ಮಾತ್ರ ಗೊತ್ತು.

ಮರುದಿನವೇ ಕುಕ್ಕರ್ ಅಟ್ಟ ಸೇರಿತು. ಪೇಟೆಗೆ ಹೋಗಿ ಒಂದು ತಾಮ್ರದ ಬಿಂದಿಗೆ, ಮಗಳಿಗೊಂದು ತಾಮ್ರದ ಬಾಟಲಿ ತಂದೆ. ಪ್ರಾಯಶ್ಚಿತ್ತ ಆಯಿತು ಅಂದುಕೊಂಡೆ. ಆದರೆ ಕೇಳಿ ಮುಂದಿನ ಕತೆ. ಒಂದು ವಾರದ ನಂತರ, ಬೆಳಿಗ್ಗೆ ಗಡಿಬಿಡಿ ಬೇಡವೆಂದು ರಾತ್ರಿಯೇ ಆ ಬಾಟಲಿಗೆ ನಿಂಬೆ ಶರಬತ್ತು ತುಂಬಿಸಿಟ್ಟೆ. ಮರುದಿನ ಶಾಲೆಯಿಂದ ಫೋನು. ಮಗಳಿಗೆ ಹೊಟ್ಟೆ ತೊಳಸಿ ವಾಂತಿಯೋ ವಾಂತಿ! ಡಾಕ್ಟರು ಕೇಳಿದ ಎರಡನೇ ಪ್ರಶ್ನೆಯೇ "ಯಾವುದರಲ್ಲಿ ಏನು ಕುಡಿದಳು?" ಅಂತ. ಹೇಳಿದೆ. "ತಾಮ್ರದಲ್ಲಿ ಹುಳಿ ಇಡಬಾರದು ಅಂತ ನಿಮ್ಮಜ್ಜಿ ಹೇಳಿಕೊಡಲಿಲ್ವೇನಮ್ಮ?" ಅಂದರು.

ಹೇಳಿಕೊಟ್ಟಿದ್ದರು. ನಾನೇ ಮರೆತಿದ್ದೆ. ಅಲ್ಯೂಮಿನಿಯಂಗೆ ಹೆದರಿ ತಾಮ್ರದ ಕಾಲು ಹಿಡಿದವಳಿಗೆ ತಾಮ್ರವೂ ಒದ್ದಿತ್ತು! ಬಿ.ಎ. ಓದಿದ ನನಗೆ ವಿಜ್ಞಾನದ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಆದರೂ ಹಟ ಹಿಡಿದು ಓದಿದೆ, ತಿಳಿದವರನ್ನು ಕೇಳಿದೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಒಂದು ಹಳೇ ತಲೆ, ಒಂದು ಹೊಸ ಮುಖ

ತಾಮ್ರ ಮನುಷ್ಯನಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಅಲ್ಯೂಮಿನಿಯಂ ಹಾಗಲ್ಲ. ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚಾಗಿರುವ ಲೋಹ ಅದೇ, ಸುಮಾರು ಶೇ 8ರಷ್ಟು. ಆದರೆ ಮಣ್ಣಿನೊಳಗೆ ಆಮ್ಲಜನಕವನ್ನು ಎಷ್ಟು ಗಟ್ಟಿಯಾಗಿ ತಬ್ಬಿಕೊಂಡಿರುತ್ತದೆಂದರೆ, ಬಿಡಿಸುವುದೇ ಕಷ್ಟ. ಹಾಗಾಗಿ ಮೊದಲ ಸಲ ಅದನ್ನು ಬೇರ್ಪಡಿಸಿದ್ದು 1825ರಲ್ಲಿ. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕಿರೀಟದ ಹಾಗೆ ಇಟ್ಟಿದ್ದು ಅಲ್ಯೂಮಿನಿಯಂ ತುಂಡನ್ನೇ. ಆಗ ಅದು ಬೆಳ್ಳಿಗೆ ಸಾಟಿಯಾದ ಬೆಲೆಯ ವಸ್ತು! ಎರಡೇ ವರ್ಷದಲ್ಲಿ, 1886ರಲ್ಲಿ, ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಹೆರೂ ಎಂಬ ಯುವಕರು ವಿದ್ಯುತ್ ಹರಿಸಿ ಅದನ್ನು ಅಗ್ಗವಾಗಿ ತೆಗೆಯುವ ದಾರಿಯನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಹಾಲ್ ಮನೆಯ ಸೌದೆ ಕೋಣೆಯಲ್ಲಿ ನಡೆದ ಆ ಪ್ರಯೋಗಕ್ಕೆ ಹೆಗಲು ಕೊಟ್ಟವಳು ರಸಾಯನಶಾಸ್ತ್ರ ಓದಿದ್ದ ಅವನ ಅಕ್ಕ ಜೂಲಿಯಾ. ಅಕ್ಕಂದಿರ ಹೆಸರು ಯಾರಿಗೆ ನೆನಪಿರುತ್ತೆ ಹೇಳಿ?

ಇನ್ನು ಗುಣಕ್ಕೆ ಬರೋಣ. ಒಂದೇ ಗಾತ್ರದ, ಒಂದೇ ದಪ್ಪದ ಎರಡು ಪಾತ್ರೆ ಎತ್ತಿ ನೋಡಿ. ಅಲ್ಯೂಮಿನಿಯಂ ಪಾತ್ರೆ ಮೂರು ಪಟ್ಟಿಗೂ ಹೆಚ್ಚು ಹಗುರ. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು, ಅಲ್ಯೂಮಿನಿಯಂಗೆ 660 ಸಾಕು. ಶಾಖ ಹರಡುವುದರಲ್ಲಿ ತಾಮ್ರವೇ ಮುಂದು, ಆದರೆ ಅಲ್ಯೂಮಿನಿಯಂ ಕೂಡ ಕಡಿಮೆಯದ್ದಲ್ಲ. ಇವೆರಡರ ಮುಂದೆ ನಮ್ಮ ಸ್ಟೀಲು ಶುದ್ಧ ಸೋಮಾರಿ. ಅದಕ್ಕೇ ಸ್ಟೀಲ್ ಪಾತ್ರೆಯಲ್ಲಿ ಉಪ್ಪಿಟ್ಟು ನಡುವೆ ಸೀದು ಅಂಚಿನಲ್ಲಿ ಹಸಿಯಾಗಿರೋದು. ಸ್ಟೀಲ್ ಪಾತ್ರೆಯ ತಳಕ್ಕೆ ತಾಮ್ರ ಅಂಟಿಸಿ ಮಾರುವ ಗುಟ್ಟೂ ಇದೇ.

ಹುಣಸೆಹಣ್ಣಿನ ಸಾಕ್ಷಿ

ಈ ಎರಡರ ಒಳಗುಟ್ಟನ್ನು ಬಯಲು ಮಾಡುವುದು ನಮ್ಮ ಹುಣಸೆಹಣ್ಣು. ಕಿಲುಬು ಹಿಡಿದ ತಾಮ್ರದ ಚೊಂಬಿಗೆ ಹುಣಸೆಹಣ್ಣು-ಉಪ್ಪು ಹಾಕಿ ಉಜ್ಜಿದರೆ ಫಳಫಳ. ಕಪ್ಪಾದ ಕುಕ್ಕರಿನ ತಳಕ್ಕೆ ಹುಣಸೆ ಸಿಪ್ಪೆಯನ್ನೋ ನಿಂಬೆ ಹೋಳನ್ನೋ ಹಾಕಿ ಕುದಿಸಿದರೆ ಅದೂ ಬೆಳ್ಳಗೆ. ನಾವೆಲ್ಲ ಮಾಡ್ತೀವಿ. ಆದರೆ ಯೋಚಿಸಿದ್ದೀರಾ, ಆ ಕೊಳೆ ಹೋಗಿದ್ದೆಲ್ಲಿಗೆ? ಹುಳಿ ಆ ಪದರವನ್ನು ಕರಗಿಸಿ ನೀರಿಗೆ ಸೇರಿಸಿತು. ಚೊಂಬು ಹೊಳೆಸುವ ಹುಳಿಯೇ ಸಾರಿನಲ್ಲಿದ್ದರೆ? ಲೋಹ ಸಾರಿಗೆ ಇಳಿಯಿತು ಅಂತಲೇ ಅರ್ಥ. ತಾಮ್ರದಲ್ಲಾದರೆ ಹೊಟ್ಟೆ ತೊಳಸುವಷ್ಟೂ ಇಳಿಯಬಹುದು, ನನ್ನ ಮಗಳಿಗೆ ಆದಂತೆ.

ನಮ್ಮ ಅಜ್ಜಿಯರು ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ಇದಕ್ಕೇ. ಬೀದಿಯಲ್ಲಿ ತಿದಿ ಒತ್ತಿ, ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಅರಿವೆಯಿಂದ ಒಮ್ಮೆ ಒರೆಸಿದರೆ ಒಳಗೆಲ್ಲ ಬೆಳ್ಳಿ! ಆ ತವರದ ಪದರವೇ ಹುಳಿಗೂ ತಾಮ್ರಕ್ಕೂ ನಡುವಿನ ಗೋಡೆ. ಅಲ್ಯೂಮಿನಿಯಂಗೆ ಈ ಗೋಡೆ ಹುಟ್ಟಿನಿಂದಲೇ ಇದೆ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಗಟ್ಟಿ ಪದರ ಬೆಳೆಯುತ್ತದೆ. ಅದನ್ನೇ ವಿದ್ಯುತ್ತಿನಿಂದ ಇನ್ನಷ್ಟು ದಪ್ಪ ಮಾಡಿದರೆ ಅಂಗಡಿಯಲ್ಲಿ ಸಿಗುವ ಕಪ್ಪು ಬಣ್ಣದ ಹಾರ್ಡ್ ಆನೊಡೈಸ್ಡ್ ಪಾತ್ರೆ. ಹುಳಿ ಮಾತ್ರವಲ್ಲ, ವಾಷಿಂಗ್ ಸೋಡಾ ಕೂಡ ಈ ಪದರದ ಶತ್ರು, ಜೋಕೆ.

ತಾಮ್ರ ಅಂದರೆ ಅಮೃತವೇ?

ನೀರಿಗಾದರೆ ತಾಮ್ರ ಒಳ್ಳೆಯದೇ. 2012ರಲ್ಲಿ ಬೆಂಗಳೂರಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಭೇದಿ ತರುವ ರೋಗಾಣುಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರೆ ಅವು ಬದುಕುಳಿಯಲಿಲ್ಲ. ನೀರಿಗೆ ಇಳಿದ ತಾಮ್ರ ಲೀಟರಿಗೆ 0.2 ಮಿಲಿಗ್ರಾಂಗೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2 ಮಿಲಿಗ್ರಾಂ. ಅಲ್ಲಿಗೆ ಅತ್ತೆಯವರ ಬಿಂದಿಗೆ ಪರೀಕ್ಷೆಯಲ್ಲಿ ಪಾಸು! ಹಾಗಂತ ಕೊಳಾಯಿ ನೀರಿನಲ್ಲಿರುವ ಎಲ್ಲ ಕಲ್ಮಶವನ್ನೂ ತಾಮ್ರ ತೆಗೆಯುತ್ತದೆ ಅಂತಲ್ಲ. ಫ್ಲೋರೈಡ್, ಗಡಸುತನಕ್ಕೆಲ್ಲ ಅದರಲ್ಲಿ ಮದ್ದಿಲ್ಲ.

ಹಾಲಿನ ವಿಷಯಕ್ಕೆ ಬಂದರೆ ಕತೆಯೇ ಬೇರೆ. ಒಂದು ಕಾಲದಲ್ಲಿ ನಮ್ಮ ದೇಶದ ಹಸುಗೂಸುಗಳನ್ನು ಪಿತ್ತಜನಕಾಂಗದ ಒಂದು ಕ್ರೂರ ಕಾಯಿಲೆ ಬಲಿ ತೆಗೆದುಕೊಳ್ಳುತ್ತಿತ್ತು. 1980ರ ದಶಕದಲ್ಲಿ ಪುಣೆ ಕಡೆ ನಡೆದ ಅಧ್ಯಯನಗಳು, ಕಲಾಯಿಯಿಲ್ಲದ ತಾಮ್ರ-ಹಿತ್ತಾಳೆ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನತ್ತ ಬೊಟ್ಟು ಮಾಡಿದವು. ಆ ಪಾತ್ರೆಗಳ ಬಳಕೆ ಕಡಿಮೆಯಾದಂತೆ ಕಾಯಿಲೆಯೂ ಅಪರೂಪವಾಯಿತು. ಆದ್ದರಿಂದ "ಹಿಂದಿನವರೆಲ್ಲ ತಾಮ್ರದಲ್ಲೇ ತಿಂದು ಗಟ್ಟಿಯಾಗಿದ್ರು" ಅನ್ನುವವರಿಗೆ, ಗಟ್ಟಿಯಾಗಿ ಉಳಿಯದ ಕೂಸುಗಳ ಲೆಕ್ಕವನ್ನೂ ನೆನಪಿಸಬೇಕು.

ಅಲ್ಯೂಮಿನಿಯಂ ಅಂದರೆ ವಿಷವೇ?

ಈ ಲೋಹಕ್ಕೂ ಮರೆವಿಗೂ ನಂಟಿರಬಹುದೆಂಬ ಶಂಕೆ ಹುಟ್ಟಿದ್ದು 1960-70ರ ದಶಕದಲ್ಲಿ. ಅಲ್ಲಿಂದೀಚೆಗೆ ಎಷ್ಟೋ ಅಧ್ಯಯನಗಳಾಗಿವೆ. ಅಡುಗೆ ಪಾತ್ರೆಯಿಂದ ಅಲ್ಝೈಮರ್ ಬರುತ್ತದೆಂದು ಇವತ್ತಿಗೂ ಸಾಬೀತಾಗಿಲ್ಲ. ಊಟದೊಂದಿಗೆ ಹೊಟ್ಟೆ ಸೇರುವ ಅಲ್ಯೂಮಿನಿಯಂನಲ್ಲಿ ಶೇ 1ರಷ್ಟೂ ರಕ್ತಕ್ಕೆ ಇಳಿಯುವುದಿಲ್ಲ. ಇಳಿದದ್ದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಎದೆಯುರಿಗೆಂದು ನಾವು ಗುಟುಕರಿಸುವ ಎಷ್ಟೋ ಔಷಧಗಳಲ್ಲಿ ಇರುವುದೂ ಅಲ್ಯೂಮಿನಿಯಂ ಸಂಯುಕ್ತವೇ, ಅದೂ ಪಾತ್ರೆಯಿಂದ ಬರುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ. ಆದರೆ ಮೂತ್ರಪಿಂಡ ಸೋತವರ ಮಾತು ಬೇರೆ. ಅವರ ದೇಹದಲ್ಲಿ ಅದು ಶೇಖರವಾಗಿ ಹಾನಿ ಮಾಡಬಲ್ಲದು. ಅಂಥವರಿರುವ ಮನೆಯಲ್ಲಿ ಡಾಕ್ಟರ ಮಾತೇ ವೇದವಾಕ್ಯ.

ಇದನ್ನೆಲ್ಲ ಓದುವಾಗ ನನಗೊಂದು ವಿಷಯ ಹೊಳೆದು ನಗು ಬಂತು, ಜತೆಗೆ ಸಿಟ್ಟೂ ಬಂತು. ನಮ್ಮ ಮನೆಯಲ್ಲಿ ಅನ್ನ, ಬೇಳೆ ಬೇಯುವುದು ಕುಕ್ಕರಿನೊಳಗೆ ಇಟ್ಟ ಸ್ಟೀಲ್ ಡಬ್ಬಿಗಳಲ್ಲಿ! ಕುಕ್ಕರಿಗೆ ತಾಗುವುದು ಬರೀ ನೀರು. ಇಷ್ಟು ವರ್ಷವೂ ಅನ್ನದ ಅಗುಳು ಆ ಅಲ್ಯೂಮಿನಿಯಂ ಮುಟ್ಟಿಯೇ ಇರಲಿಲ್ಲ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲೂ ಹೀಗೇ ಅಲ್ವಾ? ಯಾವ ತಪ್ಪಿಗೆ ನಾನು ಅತ್ತಿದ್ದು?

ನನ್ನ ತಕರಾರು ಇರುವುದು ಇಲ್ಲೇ. ಮನೆಯಲ್ಲಿ ಯಾರಿಗೆ ಏನೇ ಆಗಲಿ, ಬೆರಳು ತಿರುಗುವುದು ಅಡುಗೆಮನೆಯ ಕಡೆಗೆ, ಅಂದರೆ ನಮ್ಮ ಕಡೆಗೆ. ಸಕ್ಕರೆ ಕಾಯಿಲೆಗೆ ನಮ್ಮ ಅನ್ನ, ಬಿಪಿಗೆ ನಮ್ಮ ಉಪ್ಪು, ಮರೆವಿಗೆ ನಮ್ಮ ಕುಕ್ಕರು. ಮೆಸೇಜ್ ಕಳಿಸಿದವರಿಗೆ ಬೆರಳ ತುದಿಯ ಕೆಲಸ. ಕೇಳಿಸಿಕೊಂಡವಳಿಗೆ ನಿದ್ದೆಯಿಲ್ಲದ ರಾತ್ರಿ. ಮಾತು ಆಡುವ ಮುಂಚೆ, ಪಾತ್ರೆ ಎಸೆಯುವ ಮುಂಚೆ, ಒಂದಿಷ್ಟು ತಿಳಿದುಕೊಳ್ಳೋಣ ಅನ್ನುವುದೇ ನನ್ನ ವಾದ.

ಗೋಡೆಯೊಳಗಿನ ತಂತಿ

ಪಾತ್ರೆಯಲ್ಲಿ ಇಬ್ಬರಿಗೂ ಜಾಗ ಕೊಡುತ್ತೇನೆ. ಆದರೆ ಮನೆಯ ವೈರಿಂಗ್‌ನಲ್ಲಿ ಮಾತ್ರ ನನ್ನ ಓಟು ತಾಮ್ರಕ್ಕೆ. ಒಂದೇ ದಪ್ಪದ ತಂತಿಯಲ್ಲಿ ಅಲ್ಯೂಮಿನಿಯಂ ಕರೆಂಟು ಹರಿಸುವ ಶಕ್ತಿ ತಾಮ್ರದ ಶೇ 60ರಷ್ಟು. ಬಿಸಿಗೆ ಹಿಗ್ಗುವುದೂ ಹೆಚ್ಚು, ಹಾಗಾಗಿ ಸ್ಕ್ರೂ ಕೆಳಗಿನ ಜೋಡಣೆ ಕ್ರಮೇಣ ಸಡಿಲವಾಗಿ ಕಾವೇರಬಹುದು. ಆದರೆ ಕಂಬದಿಂದ ಕಂಬಕ್ಕೆ ಹೋಗುವ ತಂತಿಗೆ ಹಗುರವಾದ, ಅಗ್ಗವಾದ ಅಲ್ಯೂಮಿನಿಯಂ ಸರಿ. ಯಾರ ಕೆಲಸ ಯಾರಿಗೆ ಅನ್ನುವುದು ಗೊತ್ತಿದ್ದರಾಯಿತು.

ಇಷ್ಟು ನೆನಪಿರಲಿ

* ತಾಮ್ರದ ಬಿಂದಿಗೆ, ಬಾಟಲಿಗೆ ಬರೀ ನೀರು. ನಿಂಬೆರಸ, ಮಜ್ಜಿಗೆ, ಹಣ್ಣಿನ ರಸ, ಹಾಲು ಖಂಡಿತಾ ಬೇಡ.

* ತಾಮ್ರದಲ್ಲಿ ಅಡುಗೆ ಮಾಡುವುದಾದರೆ ಕಲಾಯಿ ಇರಲೇಬೇಕು. ಒಳಗೆ ಕೆಂಪು ಕಂಡರೆ ಮತ್ತೆ ಕಲಾಯಿ ಹಾಕಿಸಿ.

* ಅಲ್ಯೂಮಿನಿಯಂ ಬಾಣಲೆಯಲ್ಲಿ ಹುಳಿ, ಗೊಜ್ಜು, ಟೊಮೆಟೊ ಸಾರು ಕುದಿಸಬೇಡಿ. ಉಪ್ಪಿನಕಾಯಿ, ಮೊಸರು ಇಡಬೇಡಿ. ಅದಕ್ಕೆ ಸ್ಟೀಲು, ಗಾಜು, ಪಿಂಗಾಣಿ ಇದೆಯಲ್ಲ.

* ಗುಳಿ ಬಿದ್ದ, ತೆಳುವಾದ ಹಳೇ ಅಲ್ಯೂಮಿನಿಯಂ ಪಾತ್ರೆಗೆ ವಿದಾಯ ಹೇಳಿ.

* ಇಂಡಕ್ಷನ್ ಒಲೆ ಕೊಂಡಿದ್ದೀರಾ? ತಳದಲ್ಲಿ ಅಯಸ್ಕಾಂತ ಹಿಡಿಯುವ ಲೋಹವಿಲ್ಲದಿದ್ದರೆ ಈ ಎರಡು ಪಾತ್ರೆಯೂ ಅದರ ಮೇಲೆ ಕಾಯುವುದಿಲ್ಲ. ಕೊಳ್ಳುವಾಗಲೇ ಪರೀಕ್ಷಿಸಿ.

ನಮ್ಮ ಕುಕ್ಕರ್ ಅಟ್ಟದಿಂದ ಇಳಿದಿದೆ. ಬಿಂದಿಗೆಯೂ ಅದರ ಪಕ್ಕದಲ್ಲೇ ಕೂತಿದೆ, ಬರೀ ನೀರಿಟ್ಟುಕೊಂಡು. ಮಗಳು ಶರಬತ್ತಿಗೆ ಸ್ಟೀಲ್ ಬಾಟಲಿ ಒಯ್ಯುತ್ತಾಳೆ. ನಾದಿನಿಗೂ ಫೋನು ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ನನ್ನೂ ಮರೀತಿದಾರಲ್ಲ ಅತ್ತಿಗೆ, ಯಾರ ಮೇಲೆ ಸಿಟ್ಟು ಮಾಡ್ಲಿ ಗೊತ್ತಾಗ್ಲಿಲ್ಲ" ಅಂದಳು. ಅವಳ ಮೇಲಿನ ಕೋಪವೆಲ್ಲ ಕರಗಿಹೋಯಿತು.

ಮಾವನವರು ನಿನ್ನೆ ಊಟಕ್ಕೆ ಕೂತು, ನನ್ನ ಹೆಸರು ಮರೆತು, "ಸಾರು ಚೆನ್ನಾಗಿದೆ ಕಣಮ್ಮ" ಅಂದರು. ಹುಳಿ ಹಿಂಡಿದ್ದು ಸ್ಟೀಲ್ ಪಾತ್ರೆಯಲ್ಲಿ, ಬೇಳೆ ಬೆಂದದ್ದು ಅದೇ ಹಳೇ ಕುಕ್ಕರಿನಲ್ಲಿ. ನನಗಷ್ಟು ಸಾಕು. ಏನಂತೀರಿ?