ಉದರವಾಯುವೂ ಅಡಿಗೆಯ ಶಿಸ್ತೂ

ಅವರೆಯ ಕಾಲ ಬಂದಿತೆಂದರೆ ಕೋಲಾರದ ಸೀಮೆಯಲ್ಲಿ ಎರಡು ಮಾತುಗಳು ಜೊತೆಯಾಗಿ ಕೇಳಿಬರುವುವು. ಒಂದು, ಸೊಗಡಿನ ಕಾಯಿಯ ಸ್ತುತಿ; ಮತ್ತೊಂದು, ಹೊಟ್ಟೆಯುಬ್ಬರದ ದೂರು. ಸ್ತುತಿಗೆ ಯಾರ ಆಕ್ಷೇಪಣೆಯೂ ಇಲ್ಲ. ದೂರಾದರೋ ಈಚೆಗೆ ಹಾಸ್ಯದ ಮೇರೆಯನ್ನು ಮೀರಿದೆ. ‘ಕಾಳು ನಮಗೆ ಒಗ್ಗದು, ಗ್ಯಾಸ್ ಆಗುವುದು’ ಎಂದು ಹೇಳಿ ಅವರೆ, ಹುರುಳಿ, ಅಲಸಂದೆ, ಕಡಲೆಗಳನ್ನು ಮನೆಯಿಂದಲೇ ಹೊರಗಿಟ್ಟವರು ನಮ್ಮ ಪಟ್ಟಣಗಳಲ್ಲಿ ಅನೇಕರಿರುವರು. ಬೆಳಗಿನ ಕಾಫಿಗೆ ಮೊದಲು ಆಮ್ಲವನ್ನಡಗಿಸುವ ಮಾತ್ರೆಯೊಂದನ್ನು ವೈದ್ಯರ ಸಲಹೆಯಿಲ್ಲದೆಯೇ ವರ್ಷಗಟ್ಟಲೆ ನುಂಗುತ್ತ ಬಂದಿರುವವರಿಗೂ ಕಡಮೆಯಿಲ್ಲ. ಈ ಎರಡು ದಾರಿಗಳೂ ಸರಿಯಾದುವಲ್ಲವೆಂದು ನಾವು ವಿನಯದಿಂದ, ಆದರೆ ನಿಸ್ಸಂದೇಹವಾಗಿ ಹೇಳಬೇಕಾಗಿದೆ. ಸಾಮಾನ್ಯವಾದ ಉದರವಾಯುವಿಗೆ ಮದ್ದು ನಮ್ಮ ಅಡಿಗೆಮನೆಯ ಹಳೆಯ ಶಿಸ್ತಿನಲ್ಲಿಯೇ ಇದೆ. ಆ ಶಿಸ್ತಿಗೆ ಬಗ್ಗದ ಬಾಧೆಯು ವೈದ್ಯನ ಪರೀಕ್ಷೆಗೆ ಸೇರಿದ್ದು. ಅಂಗಡಿಯ ಮಾತ್ರೆಗೆ ಸೇರಿದ್ದಲ್ಲ.

ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆಯೆಂದು ಹೇಳಲ್ಪಟ್ಟಿರುವ ನಂಗಲಿಯು ಇಂದಿಗೂ ಗಡಿಯ ಊರೇ. ಮುಳಬಾಗಿಲನ್ನು ದಾಟಿ ಆಂಧ್ರದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಅದು ಇರುವುದು. ಅಲ್ಲಿ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ನಡೆಯುವುವು. ಒಬ್ಬರು ಮುದ್ದೆಯೆಂದರೆ ಇನ್ನೊಬ್ಬರು ಸಂಗಟಿಯೆನ್ನುವರು. ತಟ್ಟೆಯಲ್ಲಿರುವ ರಾಗಿ ಒಂದೇ, ಅದರ ಜೊತೆಯ ಕಾಳಿನ ಸಾರೂ ಒಂದೇ. ಈ ಸೀಮೆಯ ರೈತನು ಹೊಲದಲ್ಲಿಯೂ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲನ್ನು ಹಾಕುತ್ತ ಬಂದವನು. ಅವರೆಯು ಭೂಮಿಗೆ ಸಾರಜನಕವನ್ನು ಕೂಡಿಸಿಕೊಡುವುದು. ಊಟದಲ್ಲಿಯೂ ಅದರ ಕೆಲಸ ಅದೇ ಬಗೆಯದು. ರಾಗಿಯಲ್ಲಿ ಸುಣ್ಣದ ಸತ್ತ್ವ ಹೇರಳವಾಗಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು. ಆದರೆ ಮೈಗೆ ಬೇಕಾದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶವು ರಾಗಿಯಲ್ಲಿ ಕಡಮೆ. ಕಾಳುಗಳಲ್ಲಿ ಅದು ಧಾರಾಳವಾಗಿದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಊಟವನ್ನು ಯಾವ ಪ್ರಯೋಗಶಾಲೆಯೂ ಇಲ್ಲದ ಕಾಲದಲ್ಲಿ ಇಲ್ಲಿಯ ಹೆಂಗಸರೂ ರೈತರೂ ಕಂಡುಕೊಂಡಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳಲ್ಲಿ, 2000 ಕಿಲೊಕ್ಯಾಲೊರಿಯ ದಿನದೂಟಕ್ಕೆ 85 ಗ್ರಾಂ ಬೇಳೆಕಾಳು ಇರಬೇಕೆಂದು ಹೇಳಿದೆ. ಮಾಂಸವನ್ನು ತಿನ್ನದ, ಅಥವಾ ಕೊಳ್ಳಲಾರದ ಮನೆಯಲ್ಲಿ ವಾಯುವಿನ ಭಯದಿಂದ ಕಾಳನ್ನು ಬಿಟ್ಟರೆ ಆ ಸ್ಥಾನವನ್ನು ತುಂಬುವುದು ಯಾವುದು? ಬಹುತೇಕ ಅನ್ನ, ಬ್ರೆಡ್ಡು, ಬಿಸ್ಕತ್ತು. ಹಿರಿಯರ ಹೊಟ್ಟೆಯ ಭಯಕ್ಕೆ ಮಕ್ಕಳ ಬೆಳವಣಿಗೆಯು ದಂಡ ತೆರುವುದು ನ್ಯಾಯವಲ್ಲ.

ಇನ್ನು ವಾಯುವೆಂದರೇನೆಂಬುದನ್ನು ತಿಳಿಯೋಣ. ಆರೋಗ್ಯವಂತನೂ ದಿನಕ್ಕೆ ಹತ್ತರಿಂದ ಇಪ್ಪತ್ತು ಸಲ ಅಪಾನವಾಯುವನ್ನು ಬಿಡುವನೆಂದು ವೈದ್ಯಶಾಸ್ತ್ರವು ಹೇಳುವುದು. ಆದುದರಿಂದ ವಾಯುವಿರುವುದೇ ರೋಗವಲ್ಲ. ಅದು ಬರುವ ದಾರಿಗಳು ಮುಖ್ಯವಾಗಿ ಎರಡು. ಊಟದೊಡನೆ ನುಂಗಿದ ಗಾಳಿಯು ಒಂದು; ತೇಗಿನ ಹೆಚ್ಚು ಪಾಲು ಇದೇ. ದೊಡ್ಡ ಕರುಳಿನಲ್ಲಿ ನಡೆಯುವ ಹುಳಿತವು ಮತ್ತೊಂದು. ಅವರೆ, ಹುರುಳಿ, ಕಡಲೆ ಮೊದಲಾದ ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವುಗಳನ್ನು ಒಡೆಯುವ ಕಿಣ್ವವು ಮನುಷ್ಯನ ಸಣ್ಣ ಕರುಳಿನಲ್ಲಿ ಹುಟ್ಟುವುದಿಲ್ಲ. ಜೀರ್ಣವಾಗದೆ ಅವು ದೊಡ್ಡ ಕರುಳನ್ನು ಸೇರಲು, ಅಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಅವನ್ನು ಹುಳಿಸಿ ಜಲಜನಕ, ಇಂಗಾಲಾಮ್ಲ, ಕೆಲವರಲ್ಲಿ ಮೀಥೇನ್ ಅನಿಲಗಳನ್ನು ಹೊರಡಿಸುವುವು. ಈ ಹುಳಿತವು ಕರುಳಿನ ಆರೋಗ್ಯಕ್ಕೆ ಒಂದು ಮಿತಿಯಲ್ಲಿ ಹಿತಕರವೂ ಹೌದು. ಬಾಧೆಯಾಗುವುದು ಅದು ಮಿತಿಮೀರಿದಾಗ, ಇಲ್ಲವೆ ಕರುಳು ಸಹಜವಾಗಿಯೇ ಸೂಕ್ಷ್ಮವಾಗಿದ್ದಾಗ.

ಆ ಮಿತಿಯನ್ನು ಕಾಯುವ ಉಪಾಯಗಳು ನಮ್ಮ ಅಡಿಗೆಯಲ್ಲಿ ಬಹುಕಾಲದಿಂದ ಇವೆ. ಒಣಗಿದ ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿದರೆ, ಮೇಲೆ ಹೇಳಿದ ಸಕ್ಕರೆಗಳ ಒಂದು ಪಾಲು ನೀರಿನೊಡನೆಯೇ ಹೋಗುವುದು. ಮೊಳಕೆ ಕಟ್ಟಿದರೆ ಇನ್ನೂ ಮೇಲು. ಮೊಳೆಯುವ ಬೀಜವು ತನ್ನ ಬೆಳವಣಿಗೆಗಾಗಿ ಆ ಸಕ್ಕರೆಗಳನ್ನೇ ಮೊದಲು ಖರ್ಚುಮಾಡುವುದು. ಹುರುಳಿಯ ಮೊಳಕೆ ಸಾರು ನಾಲಗೆಯ ಚಪಲಕ್ಕಾಗಿ ಮಾತ್ರ ಹುಟ್ಟಿದ್ದಲ್ಲ. ಅವರೆಯನ್ನು ನೀರಿನಲ್ಲಿ ನೆನೆಯಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿತಕಿ, ಸಿಪ್ಪೆ ಕಳೆದ ಬೇಳೆಯನ್ನು ಸಾರು ಮಾಡುವ ಪದ್ಧತಿಯನ್ನು ಕೋಲಾರದ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಈ ಶ್ರಮದಿಂದ ಒರಟಾದ ಸಿಪ್ಪೆಯೂ ತೊಲಗುವುದು, ನೆನೆದ ನೀರೂ ಹೋಗುವುದು. ಮೇಲಾಗಿ, ಹಸಿಯ ಕಾಯಿಯಲ್ಲಿ ಈ ಸಕ್ಕರೆಗಳು ಒಣಕಾಳಿನಲ್ಲಿರುವಷ್ಟು ಇನ್ನೂ ಕೂಡಿರುವುದಿಲ್ಲ. ಬೀಜವು ಬಲಿತು ಒಣಗುವ ಹೊತ್ತಿಗೆ ಅವು ಹೆಚ್ಚುವುವು. ಆದ್ದರಿಂದ ಒಣ ಅವರೆ ಒಗ್ಗದವರೂ ಹಂಗಾಮಿನ ಹಸಿಯ ಅವರೆಯನ್ನು ಮಿತವಾಗಿ ಪ್ರಯತ್ನಿಸಿ ನೋಡಬಹುದು.

ಇಲ್ಲಿ ಬಸ್ಸಾರಿನ ವಿಷಯವಾಗಿ ಒಂದು ಮಾತು. ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದ ಕಟ್ಟೇ ಬಸ್ಸಾರಿನ ಜೀವ. ಕಾಳಿನಿಂದ ಬಿಟ್ಟ ಸಕ್ಕರೆಯೂ ಆ ಕಟ್ಟಿನಲ್ಲಿಯೇ ಇರುವುದು. ಹಾಗೆಂದು ಕಟ್ಟನ್ನು ಚೆಲ್ಲಿದರೆ ಅದರೊಡನೆ ಜೀವಸತ್ತ್ವಗಳೂ ಪೋಲಾಗುವುವು. ಮಧ್ಯಮಾರ್ಗವೆಂದರೆ, ನೆನೆಸಿದ ನೀರನ್ನು ಚೆಲ್ಲುವುದು, ಬೇಯಿಸಿದ ನೀರನ್ನು ಉಳಿಸಿಕೊಳ್ಳುವುದು. ತೀರ ಬಾಧೆಪಡುವವರು ಮಾತ್ರ ಕಟ್ಟನ್ನು ಬಿಟ್ಟು ಪಲ್ಯವನ್ನು ತಿನ್ನುವುದು. ಕಾಳು ಬೇಗ ಬೇಯಲೆಂದು ಅಡಿಗೆ ಸೋಡಾ ಹಾಕುವ ಪದ್ಧತಿಯಿಂದ ಥಯಾಮಿನ್ ಎಂಬ ಜೀವಸತ್ತ್ವವು ಹಾಳಾಗುವುದಾದ್ದರಿಂದ ಅದು ತರವಲ್ಲ. ಒಣ ಅವರೆಯನ್ನು ಅರೆಬೆಂದಂತೆ ತಿನ್ನುವುದೂ ಸಲ್ಲದು.

ಈ ಶಿಸ್ತು ತಪ್ಪಿದ್ದು ಹೇಗೆಂದು ಕೇಳಿದರೆ ಉತ್ತರ ಸುಲಭ: ಆತುರ. ನೆನೆಸದ ಕಾಳನ್ನು ಕುಕ್ಕರಿಗೆ ಹಾಕಿ ಐದಾರು ಕೂಗಿಗೆ ಇಳಿಸಿದರೆ ಅದು ಮೆತ್ತಗಾಗುವುದು ನಿಜ. ಆದರೆ ಮೆತ್ತಗಾಗುವುದು ಬೇರೆ, ಹಗುರವಾಗುವುದು ಬೇರೆ. ಹಿಂದಿನ ರಾತ್ರಿ ಕಾಳನ್ನು ನೀರಿಗೆ ಹಾಕಲು ಬೇಕಾಗುವುದು ಒಂದು ನಿಮಿಷದ ಕೆಲಸ, ಬೇಕಾಗಿರುವುದು ನೆನಪು. ಈ ನೆನಪು ಗೃಹಿಣಿಯೊಬ್ಬಳ ತಲೆಯ ಮೇಲಿನ ಹೊರೆಯೇ ಏಕಾಗಬೇಕೆಂಬುದನ್ನೂ ನಮ್ಮ ಪುರುಷರು ಯೋಚಿಸುವುದು ಒಳ್ಳೆಯದು. ಹಿತಕವರೆಯ ತಟ್ಟೆಯ ಮುಂದೆ ಕುಳಿತುಕೊಳ್ಳುವ ಕೈಗಳು ಹಿತಕುವುದಕ್ಕೂ ಬರಲಿ.

ಒಗ್ಗರಣೆಯ ಇಂಗು, ಜೀರಿಗೆ, ಶುಂಠಿಗಳ ಸ್ಥಾನವೂ ಚಿಕ್ಕದಲ್ಲ. ಶುಂಠಿಯು ಜಠರವು ಬೇಗ ಬರಿದಾಗುವುದಕ್ಕೆ ಸಹಾಯಮಾಡುವುದೆಂದು ಈಗಿನ ಪರೀಕ್ಷೆಗಳೂ ತೋರಿಸಿವೆ. ಇಂಗಿನ ಗುಣವನ್ನು ಆಯುರ್ವೇದವು ಬಹಳವಾಗಿ ನೆಚ್ಚಿದೆ. ಶುಂಠಿ, ಮೆಣಸು, ಹಿಪ್ಪಲಿ, ಜೀರಿಗೆ ಮೊದಲಾದುವುಗಳೊಡನೆ ಇಂಗು ಸೇರಿದ ಹಿಂಗ್ವಷ್ಟಕ ಚೂರ್ಣವು ಎಂಟು ದ್ರವ್ಯಗಳ ಯೋಗ. ಇಷ್ಟು ನೆಚ್ಚಿದ ಇಂಗಿಗೆ ನಮ್ಮ ದೇಶವು ಆಫ್ಘಾನಿಸ್ಥಾನ, ಇರಾನುಗಳ ಕಡೆ ನೋಡುತ್ತ ಬಂದಿತ್ತು. 2020ರ ಅಕ್ಟೋಬರಿನಲ್ಲಿ ಪಾಲಂಪುರದ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಇಂಗಿನ ಸಸಿಯನ್ನು ನೆಟ್ಟದ್ದು ಸಂತೋಷದ ಸಂಗತಿ. ಆದರೆ ನೆನೆಸದ ಕಾಳಿನ ದೋಷವನ್ನು ಚಿಟಿಕೆ ಇಂಗು ಪೂರ್ತಿಯಾಗಿ ಕಳೆಯುವುದೆಂದು ನಂಬಬಾರದು. ಒಗ್ಗರಣೆಯು ಅಡಿಗೆಯ ಕೊನೆಯ ಹೆಜ್ಜೆ. ಮೊದಲ ಹೆಜ್ಜೆಯನ್ನು ಬಿಟ್ಟವನಿಗೆ ಅದು ರಕ್ಷೆಯಲ್ಲ.

ಅನೇಕ ವೇಳೆ ಕಾಳಿನ ಮೇಲೆ ಬರುವ ಅಪವಾದವು ವಾಸ್ತವವಾಗಿ ಬೇರೆಯದಕ್ಕೆ ಸೇರಬೇಕಾದುದು. ನಮ್ಮ ಜನರಲ್ಲಿ ಪ್ರಾಯ ಬಂದ ಬಳಿಕ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕುಗ್ಗುವವರು ಬಹಳ. ಕಚೇರಿಯಲ್ಲಿ ಗಂಟೆಗೊಂದು ಲೋಟ ಹಾಲು ಬೆರೆಸಿದ ಕಾಫಿಯನ್ನೋ ಚಹವನ್ನೋ ಕುಡಿದು, ಸಂಜೆ ಹೊಟ್ಟೆ ಉಬ್ಬಿದಾಗ ಮಧ್ಯಾಹ್ನದ ಹುರುಳಿ ಸಾರನ್ನು ದೂರುವುದು ಸುಲಭ. ಹುಳಿತ ಮೊಸರಿನಲ್ಲಿಯೂ ಮಜ್ಜಿಗೆಯಲ್ಲಿಯೂ ಆ ಸಕ್ಕರೆಯು ಕಡಮೆಯಾಗಿರುವುದರಿಂದ ಅಂಥವರಿಗೆ ಅವು ಹೆಚ್ಚು ಹಿತ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳಲ್ಲಿಯೂ ಹುಳಿಯುವ ಅಂಶಗಳಿವೆ. ಶ್ರೀನಿವಾಸಪುರದ ಮಾವು ಲೋಕಪ್ರಿಯವಾದರೂ ಒಂದೇ ಸಲಕ್ಕೆ ನಾಲ್ಕೈದು ಹಣ್ಣು ಮುಗಿಸಿದವನ ಕರುಳಿಗೆ ಅದರ ಫ್ರಕ್ಟೋಸ್ ಸಕ್ಕರೆಯು ಭಾರವಾಗುವುದು. ಮುಳಬಾಗಿಲಿನ ದೋಸೆಯ ಹಿಟ್ಟು ಹುಳಿತದ್ದಾದ್ದರಿಂದ ಹಗುರವೇ. ಅದರ ಮೇಲೆ ಸುರಿಯುವ ತುಪ್ಪವು ಮಾತ್ರ ಜಠರವನ್ನು ನಿಧಾನಗೊಳಿಸುವುದು. ವಾಯು ಹೋಗಲೆಂದು ಕುಡಿಯುವ ಬಾಟಲಿ ಸೋಡವಂತೂ ವಾಯುವನ್ನೇ ಹಣ ಕೊಟ್ಟು ಕೊಂಡಂತೆ.

ಹಾಗಾದರೆ ಅಪರಾಧಿಯನ್ನು ಕಂಡುಹಿಡಿಯುವುದು ಹೇಗೆ? ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2005ರಿಂದೀಚೆಗೆ ಇದಕ್ಕೊಂದು ಕ್ರಮವನ್ನು ರೂಢಿಗೆ ತಂದಿರುವರು. ಸುಲಭವಾಗಿ ಹುಳಿಯುವ ಆಹಾರಗಳನ್ನು ಎರಡರಿಂದ ಆರು ವಾರ ಕಡಮೆಮಾಡಿ, ಅನಂತರ ಒಂದೊಂದನ್ನೇ ಮತ್ತೆ ಸೇರಿಸಿ ನೋಡುವುದೇ ಆ ಕ್ರಮ. ಯಾವುದು ಎಷ್ಟು ಪ್ರಮಾಣದಲ್ಲಿ ಒಗ್ಗುವುದೆಂದು ಆಗ ತಿಳಿಯುವುದು. ಆಜನ್ಮ ಪಥ್ಯವು ಇದರ ಉದ್ದೇಶವಲ್ಲವೆಂಬುದನ್ನು ಗಮನಿಸಬೇಕು. ಪಥ್ಯವು ಪರೀಕ್ಷೆಗಾಗಿ, ಪರೀಕ್ಷೆಯು ಊಟಕ್ಕೆ ಮರಳುವುದಕ್ಕಾಗಿ. ತಜ್ಞರ ಸಹಾಯದಿಂದ ಇದನ್ನು ಮಾಡುವುದು ಉತ್ತಮ. ಸಾಮಾನ್ಯನಿಗೆ ಒಂದು ಪುಟ್ಟ ಪುಸ್ತಕ ಸಾಕು: ತಿಂದದ್ದು, ಹೊತ್ತು, ಆದ ಬಾಧೆ, ಇಷ್ಟನ್ನು ಹದಿನೈದು ದಿನ ಬರೆದಿಟ್ಟರೆ ಊಹೆಗೂ ನಿಜಕ್ಕೂ ಇರುವ ಅಂತರವು ಕಾಣುವುದು. ಬಹಳ ಕಾಲ ಕಾಳನ್ನು ಬಿಟ್ಟಿದ್ದವರು ಒಮ್ಮೆಗೇ ತಟ್ಟೆ ತುಂಬ ತಿನ್ನದೆ, ಮೊದಲು ತೊಗರಿ, ಹೆಸರುಬೇಳೆಗಳಿಂದ ಪ್ರಾರಂಭಿಸಿ, ವಾರವಾರಕ್ಕೆ ಹೆಚ್ಚಿಸತಕ್ಕದ್ದು. ಕರುಳಿಗೂ ಅಭ್ಯಾಸವೆಂಬುದು ಉಂಟು.

ಉಣ್ಣುವ ರೀತಿಯೂ ಗಣನೆಗೆ ಬರತಕ್ಕದ್ದು. ಗಡಿಯಾರವನ್ನು ನೋಡುತ್ತ ಹತ್ತು ನಿಮಿಷದಲ್ಲಿ ಊಟ ಮುಗಿಸುವ ಗುಮಾಸ್ತನೂ, ಹೆದ್ದಾರಿಯ ಬದಿಯಲ್ಲಿ ಲಾರಿ ನಿಲ್ಲಿಸಿ ಅವಸರದಲ್ಲಿ ಉಣ್ಣುವ ಚಾಲಕನೂ ಅನ್ನದೊಡನೆ ಗಾಳಿಯನ್ನೂ ನುಂಗುವರು. ರಾತ್ರಿ ಹತ್ತು ಗಂಟೆಗೆ ಹೊಟ್ಟೆ ಬಿರಿಯೆ ಉಂಡು ಹತ್ತೂಕಾಲಕ್ಕೆ ಮಲಗುವವನಿಗೆ ಯಾವ ಚೂರ್ಣವೂ ಉಪಕಾರ ಮಾಡಲಾರದು. ಉಂಡ ಬಳಿಕ ಸ್ವಲ್ಪ ನಡೆಯುವುದು, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸುವುದು, ಮಲಬದ್ಧತೆಗೆ ಅವಕಾಶ ಕೊಡದಿರುವುದು: ಇವು ಖರ್ಚಿಲ್ಲದ ಮದ್ದುಗಳು.

ಈಗ ಎಲ್ಲಕ್ಕಿಂತ ಗುರುತರವಾದ ಸಂಗತಿಗೆ ಬರುತ್ತೇವೆ. ‘ಗ್ಯಾಸ್’ ಎಂಬ ಒಂದೇ ಹೆಸರಿನಲ್ಲಿ ನಮ್ಮ ಜನರು ಬೇರೆ ಬೇರೆ ರೋಗಗಳನ್ನು ಕಟ್ಟಿಹಾಕಿರುವರು. ಎದೆ ಬಿಗಿದಂತಾಗಿ, ಬೆವರಿಳಿದು, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಿದರೆ ಅದು ಹೃದಯಾಘಾತದ ಲಕ್ಷಣವಾಗಿರಬಹುದು. ಸಕ್ಕರೆ ರೋಗದವರಲ್ಲಿಯೂ ಹೆಂಗಸರಲ್ಲಿಯೂ ಕೆಲವು ವೇಳೆ ಎದೆನೋವಿಲ್ಲದೆ ಮೇಲ್ಹೊಟ್ಟೆಯ ಸಂಕಟ, ಉಬ್ಬಸ, ಓಕರಿಕೆ ಮಾತ್ರ ಕಾಣಿಸಿಕೊಳ್ಳುವುದುಂಟು. ಅಂಥ ಹೊತ್ತಿನಲ್ಲಿ ಸೋಡ ಕುಡಿದು, ಜೀರಿಗೆ ಕಷಾಯ ಕಾಯಿಸಿ, ಬೆಳಗಾಗಲೆಂದು ಕಾದವರು ಬೆಳಗನ್ನು ಕಾಣದೆ ಹೋದ ದುಃಖವು ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿದೆ. 2008ರಿಂದ ನಮ್ಮ ರಾಜ್ಯದಲ್ಲಿ 108ರ ವಾಹನ ವ್ಯವಸ್ಥೆಯಿದೆ. ಸಂಶಯ ಬಂದೊಡನೆ ಅದನ್ನು ಕರೆಯಬೇಕು, ಇಲ್ಲವೆ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆ ಸೇರಬೇಕು. ಪರೀಕ್ಷೆಯಲ್ಲಿ ಬರಿಯ ವಾಯುವೆಂದು ತಿಳಿದರೆ ನಷ್ಟವಾದದ್ದು ಒಂದು ರಾತ್ರಿಯ ನಿದ್ರೆ ಮಾತ್ರ.

ಹಾಗೆಯೇ ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವಿಕೆ, ನುಂಗಲು ಕಷ್ಟ, ನಿಲ್ಲದ ವಾಂತಿ, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವ ನೋವು, ಐವತ್ತರ ಸುಮಾರಿನಲ್ಲಿ ಹೊಸದಾಗಿ ಮೊದಲಾದ ಅಜೀರ್ಣ, ಇವು ಯಾವುದನ್ನೂ ಪಥ್ಯದಿಂದ ಮುಚ್ಚಿಡಬಾರದು. ನಡುವಯಸ್ಸು ದಾಟಿದ ಹೆಂಗಸರಿಗೆ ವಾರಗಟ್ಟಲೆ ಹೊಟ್ಟೆಯುಬ್ಬರ ಇಳಿಯದಿದ್ದರೆ ಅಂಡಾಶಯದ ರೋಗವಲ್ಲವೆಂದು ಪರೀಕ್ಷಿಸಿ ತಿಳಿಯಬೇಕು. ಜಠರದ ಹುಣ್ಣಿಗೆ ಸೂಕ್ಷ್ಮಜೀವಿಯೊಂದು ಕಾರಣವಾಗಬಲ್ಲುದೆಂದು ತೋರಿಸಿದ ವಾರನ್, ಮಾರ್ಷಲ್ ಎಂಬಿಬ್ಬರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಜೀವಿಗೆ ತಕ್ಕ ಚಿಕಿತ್ಸೆಯಿರುವಾಗ ಹುಣ್ಣನ್ನು ಸಾಕಿಕೊಂಡಿರುವುದೇಕೆ? ಆಮ್ಲವನ್ನಡಗಿಸುವ ಮಾತ್ರೆಯು ಬೇಕಾದವರಿಗೆ ಅಮೂಲ್ಯವಾದುದು. ಆದರೆ ದೊಡ್ಡ ಕರುಳಿನ ಹುಳಿತವನ್ನು ಅದು ನಿಲ್ಲಿಸದು. ಬಹುಕಾಲ ಬಳಸಿದರೆ ಬಿ12 ಜೀವಸತ್ತ್ವದ ಕೊರತೆಗೂ ದಾರಿಯಾಗಬಹುದು.

ಈ ವಿಷಯದಲ್ಲಿ ಸಾರ್ವಜನಿಕ ಕರ್ತವ್ಯವೂ ಇದೆ. ಶಾಲೆಗಳ ಅಕ್ಷರ ದಾಸೋಹ, ವಿದ್ಯಾರ್ಥಿನಿಲಯಗಳು, ಅಂಗನವಾಡಿಗಳು, ಇಲ್ಲೆಲ್ಲ ಸಾವಿರಾರು ಮಕ್ಕಳಿಗೆ ಕಾಳು ಬೇಯುವುದು. ಹಿಂದಿನ ಸಂಜೆ ಕಾಳನ್ನು ನೆನೆಸಿ ನೀರು ಚೆಲ್ಲುವುದನ್ನು ಅಡಿಗೆಯವರ ಶಿಕ್ಷಣದಲ್ಲಿ ಕಡ್ಡಾಯಮಾಡುವುದಕ್ಕೆ ಹೊಸ ಹಣವೇನೂ ಬೇಡ. ಮುಚ್ಚಳವಿರುವ ಪಾತ್ರೆಯೂ ಶುದ್ಧವಾದ ನೀರೂ ಸಾಕು. ಕಚೇರಿಗಳಲ್ಲಿ ನೌಕರನು ಕುಳಿತು ಅರ್ಧ ಗಂಟೆ ಊಟಮಾಡುವಷ್ಟು ಬಿಡುವನ್ನು ಮೇಲಧಿಕಾರಿಗಳು ನಿಜವಾಗಿ ಕೊಡಲಿ. ಔಷಧದಂಗಡಿಯವರು ಚೀಟಿಯಿಲ್ಲದೆ ತಿಂಗಳು ತಿಂಗಳೂ ಮಾತ್ರೆಯನ್ನು ಒಯ್ಯುವವನಿಗೆ ‘ಒಮ್ಮೆ ವೈದ್ಯರನ್ನು ಕಾಣಿರಿ’ ಎಂದು ಒಂದು ಮಾತು ಹೇಳಲಿ.

ನಂಗಲಿಯ ಹೊಲದಲ್ಲಿ ರಾಗಿಯೂ ಅವರೆಯೂ ಒಂದರ ಮಗ್ಗುಲಲ್ಲಿ ಒಂದು ಬೆಳೆದು ಬಂದಿವೆ. ಅವೆರಡನ್ನೂ ತಟ್ಟೆಯಲ್ಲಿ ಅಗಲಿಸುವುದಕ್ಕೆ ವಾಯುವಿನ ಭಯವು ಸಾಕಾದ ಕಾರಣವಲ್ಲ. ನಮ್ಮ ವಾಚಕರು ಇಂದು ರಾತ್ರಿ ಮಲಗುವ ಮುನ್ನ ಒಂದು ಪಾವು ಕಾಳನ್ನು ನೀರಿಗೆ ಹಾಕಲಿ. ಅದರಿಂದಲೂ ತೀರದ ಬಾಧೆಯಿದ್ದರೆ ನಾಳೆ ವೈದ್ಯರಲ್ಲಿಗೆ ಹೋಗಲಿ.